ಘಟ್ಟದ ಕಮರಿಗೆ ಇಳಿದು ಬೆಳಕಿರುವಾಗಲೇ ಮೇಲೆ ಬರುವುದು: ಹೊಳೆಗುಂಟ ಒಂದು ದಿನದ ಚಾರಣಕ್ಕೆ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ, ಅಂಕೋಲಾ ಕಡೆಯ ಹೊಳೆ ಕಣಿವೆಗಳಿಗೆ ಒಂದು ದಿನದ ನಡಿಗೆಗೆಂದು ಇಳಿದವರು ಕತ್ತಲಾದ ಮೇಲೆ ಕಾಡಿನಲ್ಲಿ ಸಿಕ್ಕಿಬಿದ್ದ ಸುದ್ದಿ ಮತ್ತೆ ಮತ್ತೆ ಕೇಳಿಬರುತ್ತದೆ. ಹೆಚ್ಚಿನವರು ದಾರಿ ತಪ್ಪಿದವರಲ್ಲ, ಹೊತ್ತಿನ ಲೆಕ್ಕ ತಪ್ಪಿದವರು. ಗುಡ್ಡ ಹತ್ತುವ ಚಾರಣದಲ್ಲಿ ಕಷ್ಟದ ಕೆಲಸ ಮೊದಲು ಬರುತ್ತದೆ. ಸುಸ್ತಾದರೆ ತಿರುಗಿ ಇಳಿದರಾಯಿತು. ಕಮರಿಯಲ್ಲಿ ಇದೇ ತಿರುಗಿ ನಿಲ್ಲುತ್ತದೆ. ಬೆಳಗಿನ ತಂಪಿನಲ್ಲಿ, ಹೊಸ ಹುಮ್ಮಸ್ಸಿನಲ್ಲಿ ಸರಸರ ಇಳಿಯುತ್ತೇವೆ. ಹತ್ತುವ ಪಾಲು ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ನೀರು ಮುಗಿದಿರುತ್ತದೆ, ಹೊತ್ತೂ ಇಳಿದಿರುತ್ತದೆ.

ಆದ್ದರಿಂದ ಇಲ್ಲಿನ ಯೋಜನೆ ಸಂಜೆಯಿಂದ ಶುರುವಾಗಿ ಬೆಳಗ್ಗೆಯ ಕಡೆಗೆ ಬರುತ್ತದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಚೀಲ ಕಟ್ಟಿದ ಮೇಲೆ ನಕ್ಷೆ ನೋಡುವುದರಿಂದ ಪ್ರಯೋಜನವಿಲ್ಲ.

1. ಕಣಿವೆ ಮತ್ತು ತಿಂಗಳನ್ನು ಒಟ್ಟಿಗೆ ಆಯ್ದುಕೊಳ್ಳಿ

ಜೂನ್‌ನಿಂದ ಅಕ್ಟೋಬರ್ ತನಕ ಹೊಳೆಪಾತ್ರದ ನಡಿಗೆ ಬೇಡವೇ ಬೇಡ. ನೀರಿನ ಮಾತು ಬಿಡಿ, ಇಳಿಜಾರುಗಳೇ ನಂಬಿಕೆಗೆ ಅರ್ಹವಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಆದ ಕುಸಿತಗಳು, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ಹೊಳೆಗೆ ಬಿದ್ದದ್ದು, ಎರಡೂ ನಮ್ಮ ಜಿಲ್ಲೆಯವೇ. ನವೆಂಬರ್‌ನಲ್ಲಿ ಹರಿವು ಇನ್ನೂ ಜೋರು, ಬಂಡೆಗಳ ಮೇಲೆ ಹಾವಸೆ ದಪ್ಪ.

ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯ ತನಕದ ಅವಧಿ ಸರಿಯಾದದ್ದು. ಮಾರ್ಚ್‌ನಲ್ಲಿ ಹೋಗಬಹುದು, ಆದರೆ ನೀರಿನ ಹೊರೆ ಹೆಚ್ಚುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಗುಡುಗು ಮಳೆ ಶುರುವಾದ ಮೇಲೆ ಕಿರಿದಾದ ಕಮರಿಗೆ ಇಳಿಯಬೇಡಿ.

ಮೊದಲ ಸಲದವರು ಉಂಚಳ್ಳಿಯ ಅಥವಾ ಮಾಗೋಡಿನ ಜಲಪಾತದ ಬುಡಕ್ಕೆ ಇಳಿಯುವ ಯೋಚನೆ ಬಿಡಿ. ಅಘನಾಶಿನಿ ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಧುಮುಕುತ್ತದೆ, ಬೇಡ್ತಿ ಮಾಗೋಡಿನಲ್ಲಿ ಸುಮಾರು 200 ಮೀಟರ್. ಅವುಗಳ ಕೆಳಗಿನ ಕಣಿವೆಯ ಗೋಡೆಗಳೂ ಅದೇ ಎತ್ತರದವು. ವೀಕ್ಷಣಾ ಸ್ಥಳದಿಂದ ನೋಡಿ ಬರುವುದೇ ಸರಿ. ಹೊಳೆಗುಂಟ ನಡೆಯುವುದನ್ನು ಕಲಿಯಲು ಶಾಲ್ಮಲೆಯ ಸಹಸ್ರಲಿಂಗದ ಸುತ್ತಲಿನಂಥ ಅಗಲವಾದ ಬಂಡೆಹಾಸು, ಸಾತೊಡ್ಡಿಯಂತೆ ಹಳ್ಳದ ಪಕ್ಕ ಕಾಲುದಾರಿ ಇರುವ ಜಾಗ, ಯಾಣ–ವಿಭೂತಿ ಕಡೆಯ ತುಳಿದ ದಾರಿಗಳು ಒಳ್ಳೆಯವು. ಅಲ್ಲಿ ಬಂಡೆಯ ಮೇಲೆ ಗಂಟೆಗೆ ಎಷ್ಟು ದೂರ ಸಾಗುತ್ತೀರಿ ಎಂದು ಅಳೆದುಕೊಳ್ಳಿ. ಆ ಅಂಕಿ ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಕಾಳಿ ಹೊಳೆಯ ವಿಚಾರ ಬೇರೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮಳೆಯೇ ಇಲ್ಲದ ದಿನವೂ ಪಾತ್ರ ತುಂಬುತ್ತದೆ. ದಾಂಡೇಲಿ ಸುತ್ತ ಮೊಸಳೆಗಳೂ ಇವೆ. ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ನಡೆಯುವುದನ್ನು ಯೋಜನೆಯಲ್ಲೇ ಸೇರಿಸಬೇಡಿ.

2. ಅನುಮತಿ ಪಡೆಯಿರಿ, ಊರಿನವರನ್ನು ಸರಿಯಾದ ಪ್ರಶ್ನೆ ಕೇಳಿ

ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಿಯಮ ಇನ್ನೂ ಬಿಗಿ. ಅಘನಾಶಿನಿ ಕಣಿವೆಯ ಸಿಂಗಳೀಕ ಸಂರಕ್ಷಣಾ ಮೀಸಲಿನಲ್ಲೂ ಬೇಕಾದಲ್ಲಿ ಅಲೆಯುವ ಹಾಗಿಲ್ಲ. ಕನಿಷ್ಠ ಒಂದು ವಾರ ಮೊದಲು ಆ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಮೂರು ವಿಷಯ ಕೇಳಿ: ಈ ದಾರಿ ತೆರೆದಿದೆಯೇ, ಆನ್‌ಲೈನ್ ಟಿಕೆಟ್ ಬೇಕೇ, ಇಲಾಖೆಯ ಮಾರ್ಗದರ್ಶಿ ಜೊತೆಗಿರಬೇಕೇ. ಫೋನಿನಲ್ಲಿ ಸಿಕ್ಕ ಉತ್ತರ ಸಾಲದು, ಬರಹದಲ್ಲಿ ಪಡೆದುಕೊಳ್ಳಿ.

ನಂತರ ಕಣಿವೆಯ ಅಂಚಿನ ಊರಿಗೆ ಹೋಗಿ. ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ "ಎಷ್ಟು ದೂರ ಆಗ್ತದೆ?" ಎಂದು ಕೇಳುವುದು. "ಇಲ್ಲೇ, ಒಂದು ಕೂಗಳತೆ" ಎಂಬ ಉತ್ತರ ಬರುತ್ತದೆ. ಹೇಳಿದವರು ದಿನವೂ ಸೊಪ್ಪಿನ ಬೆಟ್ಟ ಹತ್ತಿಳಿಯುವವರು, ಅವರ ಲೆಕ್ಕಕ್ಕೆ ಅದು ನಿಜವೇ. "ನೀವು ಹೋಗಿ ಬರೋದಕ್ಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿ, ಬಂದ ಉತ್ತರವನ್ನು ದುಪ್ಪಟ್ಟು ಮಾಡಿಕೊಳ್ಳಿ.

ಇನ್ನೂ ಕೇಳಬೇಕಾದವು: ಈ ಮಳೆಗಾಲದ ನಂತರ ಸಂಕ (ಕಾಲುಸೇತುವೆ) ಹಾಕಿದ್ದಾರೆಯೇ ಅಥವಾ ಹೊಳೆ ದಾಟಿಯೇ ಹೋಗಬೇಕೇ? ಎಲ್ಲೆಲ್ಲಿ ಮಡು (ಆಳ ನೀರಿನ ಗುಂಡಿ) ಇದೆ? ಕಮರಿಯ ಗೋಡೆಯಲ್ಲಿ ಹೆಜ್ಜೇನು ಕಟ್ಟಿದೆಯೇ? ಸುತ್ತಮುತ್ತ ಮಂಗ ಸತ್ತದ್ದು ಕಂಡುಬಂದಿದೆಯೇ? ಕೊನೆಯ ಎರಡಕ್ಕೆ "ಹೌದು" ಎಂದಾದರೆ ಆ ಕಣಿವೆಯನ್ನು ಬಿಟ್ಟು ಬೇರೆಯದನ್ನು ನೋಡಿ.

ಊರಿನವರೊಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗುವುದು ಬಹಳ ಒಳ್ಳೆಯದು. ದಾರಿ ಯಾರದಾದರೂ ತೋಟದ ಮೂಲಕ ಹೋಗುವುದಾದರೆ ಕೇಳಿಯೇ ಕಾಲಿಡಿ, ದಣಪೆ (ಬೇಲಿಯ ಗೇಟು) ತೆಗೆದರೆ ಮುಚ್ಚಿ ಹೋಗಿ. ದನ ನುಗ್ಗಿ ಒಂದು ಸಾಲು ಅಡಿಕೆ ಸಸಿ ಹೋದರೆ ಮುಂದಿನ ತಂಡಕ್ಕೆ ಆ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

3. ನಕ್ಷೆಯಲ್ಲಿ ಎತ್ತರ ಎಣಿಸಿ

ಫೋನಿನ ನಕ್ಷೆ ತೋರಿಸುವ "3 ಕಿಲೋಮೀಟರ್" ನೇರ ಗೆರೆಯ ದೂರ. ಕಮರಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಏರಿಳಿತ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯಲ್ಲಿ ಎರಡು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ನಡುವೆ ಸಾಮಾನ್ಯವಾಗಿ 20 ಮೀಟರ್ ಅಂತರ. ನಿಮ್ಮ ದಾರಿ ಎಷ್ಟು ರೇಖೆ ದಾಟುತ್ತದೆ ಎಂದು ಎಣಿಸಿ 20ರಿಂದ ಗುಣಿಸಿ. 17 ರೇಖೆ ಎಂದರೆ 340 ಮೀಟರ್ ಇಳಿತ, ಸಂಜೆ ಅಷ್ಟೇ ಏರು.

ರೇಖೆಗಳು ಒಂದಕ್ಕೊಂದು ಅಂಟಿಕೊಂಡು ಹೊಳೆಗೆ ಅಡ್ಡವಾಗಿ ಸಾಗಿದ್ದರೆ ಅಲ್ಲೊಂದು ಅಬ್ಬಿ (ಜಲಪಾತ) ಇದೆ ಎಂದೇ ತಿಳಿಯಿರಿ. ಹಳ್ಳದ ಎರಡೂ ಪಕ್ಕದಲ್ಲಿ ಅಂಟಿಕೊಂಡಿದ್ದರೆ ಗೋಡೆಗಳ ನಡುವಿನ ಕಿರಿದಾದ ಪಾತ್ರ. ನೀರು ಏರಿದರೆ ಪಕ್ಕಕ್ಕೆ ಹತ್ತಲು ಜಾಗವಿಲ್ಲ. ಅಂಥ ಭಾಗ 200 ಮೀಟರ್‌ಗಿಂತ ಉದ್ದವಿದ್ದರೆ ದಾರಿ ಬದಲಿಸಿ.

ಹಳ್ಳಗಳು ಕೂಡುವ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ಹೊಳೆಗುಂಟ ಕೆಳಗೆ ಹೋಗುವಾಗ ಹಳ್ಳಗಳು ಬಂದು ಸೇರುತ್ತವೆ, ನೀವು ಯೋಚಿಸಬೇಕಾದ್ದೇ ಇರುವುದಿಲ್ಲ. ತಿರುಗಿ ಮೇಲೆ ಬರುವಾಗ ಅದೇ ಜಾಗ ಕವಲುದಾರಿಯಾಗುತ್ತದೆ, ಎಡಕ್ಕೋ ಬಲಕ್ಕೋ ಎಂದು ಪ್ರತಿ ಸಲ ತೀರ್ಮಾನಿಸಬೇಕು. ಬಂದ ದಾರಿಯಲ್ಲೇ ಮರಳುವವರೂ ದಾರಿ ತಪ್ಪುವುದು ಇಲ್ಲಿಯೇ. ಕಾಗದದ ಮೇಲೆ "ಮೊದಲ ಕೂಡು: ಮರಳುವಾಗ ಬಲ" ಎಂದು ಬರೆದು ಜೇಬಿನಲ್ಲಿಟ್ಟುಕೊಳ್ಳಿ. ನಕ್ಷೆಯ ಆ ಭಾಗವನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಕಮರಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

4. ಸಂಜೆಯಿಂದ ಹಿಂದಕ್ಕೆ ವೇಳೆ ಲೆಕ್ಕ ಹಾಕಿ

ಈ ಹಂತಕ್ಕೆ ಅರ್ಧ ಗಂಟೆಯನ್ನಾದರೂ ಕೊಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಬಳಸಬೇಕಾದ ವೇಗಗಳು ಇವು:

- ತುಳಿದ ದಾರಿಯಲ್ಲಿ, ಸಮತಟ್ಟು: ಗಂಟೆಗೆ 3 ಕಿಲೋಮೀಟರ್
- ದೊಡ್ಡ ಬಂಡೆಗಳ ಹೊಳೆಪಾತ್ರ: ಗಂಟೆಗೆ 1 ಕಿಲೋಮೀಟರ್ (ಮೊದಲ ಹಂತದಲ್ಲಿ ಅಳೆದುಕೊಂಡ ಅಂಕಿ ಇದ್ದರೆ ಅದು)
- ಕಡಿದಾದ ಇಳಿತ: ಗಂಟೆಗೆ ಸುಮಾರು 280 ಮೀಟರ್ ಎತ್ತರ
- ಕಡಿದಾದ ಏರು: ಗಂಟೆಗೆ 200 ಮೀಟರ್ ಎತ್ತರ, ದಣಿವಾರಿಸಿಕೊಳ್ಳುವುದೂ ಸೇರಿ

ಇವು ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ. ಗಟ್ಟಿಗರ ವೇಗದಲ್ಲಿ ಲೆಕ್ಕ ಹಾಕಬೇಡಿ.

ಒಂದು ಉದಾಹರಣೆ. ಜನವರಿ ನಡುವಿನಲ್ಲಿ ಶಿರಸಿ ಕಡೆ ಸುಮಾರು 6.20ಕ್ಕೆ ಸೂರ್ಯ ಮುಳುಗುತ್ತದೆ. ಆದರೆ ದಟ್ಟ ಕಾಡಿನ ಕಣಿವೆಯಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಕಾಲ ಕೆಳಗಿನ ಕಲ್ಲು ಕಾಣದಾಗುತ್ತದೆ. ಹಾಗಾಗಿ ಸಂಜೆ 5ಕ್ಕೆ ಎಲ್ಲರೂ ಮೇಲಿನ ರಸ್ತೆಯಲ್ಲಿರಬೇಕು. ಏರು 350 ಮೀಟರ್, ಅಂದರೆ 1 ಗಂಟೆ 45 ನಿಮಿಷ. ಹೊಳೆಪಾತ್ರ 2 ಕಿಲೋಮೀಟರ್, ಮರಳಿ ಬರಲು 2 ಗಂಟೆ. ಏನಾದರೂ ಆದರೆ ಎಂದು ಇಟ್ಟುಕೊಳ್ಳುವ ಹೊತ್ತು 1 ಗಂಟೆ. ಐದರಿಂದ ಇಷ್ಟನ್ನೂ ಕಳೆದರೆ ಮಧ್ಯಾಹ್ನ 12.15. ಅದು ನಿಮ್ಮ ತಿರುಗುವ ವೇಳೆ. ಊಟಕ್ಕೆ 45 ನಿಮಿಷ, ಹೋಗುವಾಗ ಹೊಳೆಗೆ 2 ಗಂಟೆ, ಇಳಿಯಲು 1 ಗಂಟೆ 15 ನಿಮಿಷ ಕಳೆದರೆ ಬೆಳಗ್ಗೆ 8.15ಕ್ಕೆ ನಡಿಗೆ ಶುರುವಾಗಿರಬೇಕು.

ತಿರುಗುವ ವೇಳೆಯನ್ನು ಎಲ್ಲರ ಫೋನಿನಲ್ಲೂ ಅಲಾರಂ ಇಡಿ. ಅಬ್ಬಿ ಕಾಣುತ್ತಿದ್ದರೂ, ಸದ್ದು ಕೇಳುತ್ತಿದ್ದರೂ, 12.15 ಆದರೆ ತಿರುಗಬೇಕು. "ಇನ್ನೊಂದು ತಿರುವು ಅಷ್ಟೆ" ಎಂಬ ಮಾತಿಗೆ ಬೆಲೆ ಕೊಟ್ಟ ತಂಡಗಳೇ ರಾತ್ರಿ ಟಾರ್ಚ್ ಹುಡುಕುವುದು. ಬೆಳಗ್ಗೆ ಹೊರಡುವುದು ಒಂದು ಗಂಟೆ ತಡವಾದರೆ ತಿರುಗುವ ವೇಳೆ ಮುಂದೆ ಹೋಗುವುದಿಲ್ಲ, ನಡೆಯುವ ದೂರ ಕಡಿಮೆಯಾಗುತ್ತದೆ. ಇದನ್ನು ಹಿಂದಿನ ದಿನವೇ ಎಲ್ಲರೂ ಒಪ್ಪಿರಬೇಕು.

ಕಾರವಾರ, ಕುಮಟಾ ಕಡೆಯಿಂದ ಬರುವವರು ಹಿಂದಿನ ರಾತ್ರಿ ಘಟ್ಟದ ಮೇಲೆ ಉಳಿದುಕೊಳ್ಳಿ. ಕುಸಿತಕ್ಕೋ ಕಾಮಗಾರಿಗೋ ಘಟ್ಟದ ರಸ್ತೆ ಮುಚ್ಚಿರುವುದುಂಟು. ಸುತ್ತಿ ಬಂದರೆ ಬೆಳಗ್ಗೆಯ ಹೊತ್ತೆಲ್ಲ ಅಲ್ಲೇ ಹೋಯಿತು. ಬಸ್ಸಿನಲ್ಲಿ ಬರುವವರು ಇನ್ನೊಂದು ನೋಡಿಕೊಳ್ಳಬೇಕು: ಒಳ ಊರುಗಳಿಗೆ ಸಂಜೆ ಬರುವುದು ಹಲವು ಕಡೆ ವಸ್ತಿ ಬಸ್ಸು, ಅದು ಮರಳುವುದು ಮರುದಿನ ಬೆಳಗ್ಗೆ. ಪೇಟೆಗೆ ಹೋಗುವ ಕೊನೆಯ ಬಸ್ಸು ನಾಲ್ಕಕ್ಕೇ ಇದ್ದರೆ ಮೇಲಿನ ಲೆಕ್ಕದಲ್ಲಿ ಐದರ ಬದಲು ಮೂರೂವರೆ ಇಟ್ಟುಕೊಳ್ಳಿ.

5. ನೀರು, ಉಪ್ಪು, ಬುತ್ತಿ

ಮರುಭೂಮಿಯ ಕಮರಿಗಳ ಚಾರಣದ ವೀಡಿಯೊ ನೋಡಿ ಬರುವವರಿಗೆ ಒಂದು ಮಾತು. ಅಲ್ಲಿಯೂ ಮೊದಲು ಇಳಿತ, ಆಮೇಲೆ ಏರು. ಅಲ್ಲಿಯೂ ದೂರದ ಮಳೆ ಕಮರಿಯಲ್ಲಿ ದಿಢೀರನೆ ನೀರು ತರುತ್ತದೆ. ಅಷ್ಟರ ಮಟ್ಟಿಗೆ ಆ ಸಲಹೆಗಳು ನಮಗೂ ಸರಿ. ಸೆಕೆಯ ವಿಚಾರದಲ್ಲಿ ಮಾತ್ರ ಹೊಂದುವುದಿಲ್ಲ. ಒಣ ಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ. ನಮ್ಮ ಕಣಿವೆಯಲ್ಲಿ ಗಾಳಿ ತೇವ, ಅಲುಗಾಟವೂ ಕಡಿಮೆ. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಮೈ ಕಾವು ಇಳಿಯುವುದಿಲ್ಲ. ನೆರಳಿನಲ್ಲಿ ನಡೆಯುತ್ತಿದ್ದೇವೆ ಎಂಬ ಧೈರ್ಯದಲ್ಲಿ ನೀರು ಕಡಿಮೆ ತಂದವರು ಮಧ್ಯಾಹ್ನದ ಏರಿನಲ್ಲಿ ಕುಸಿಯುತ್ತಾರೆ.

ನಡೆಯುವ ಪ್ರತಿ ಗಂಟೆಗೆ ತಲಾ ಅರ್ಧ ಲೀಟರ್ ಲೆಕ್ಕ. ಎಂಟು ಗಂಟೆಗೆ 4 ಲೀಟರ್, ಮಾರ್ಚ್‌ನಲ್ಲಿ 5ರಿಂದ 6. ನಾಲ್ಕು ಲೀಟರ್ ನೀರು ನಾಲ್ಕು ಕಿಲೋ ಭಾರ. ಅದನ್ನು ಹೊರಲಾಗದವರು ದೂರ ಕಡಿಮೆ ಮಾಡಲಿ. ಬಂದ ದಾರಿಯಲ್ಲೇ ಮರಳುವುದಾದರೆ ತಲಾ ಒಂದು ಲೀಟರಿನ ಬಾಟಲಿಯನ್ನು ಏರಿನ ಬುಡದಲ್ಲಿ, ಮಂಗನ ಕಣ್ಣಿಗೆ ಬೀಳದಂತೆ ಕಲ್ಲುಗಳ ನಡುವೆ ಇಟ್ಟು ಹೋಗಿ. ಹತ್ತಲು ಬೇಕಾದ ನೀರು ಅಲ್ಲಿ ಕಾದಿರುತ್ತದೆ. ಖಾಲಿ ಬಾಟಲಿ ನಿಮ್ಮ ಜೊತೆಗೇ ಮೇಲೆ ಬರಬೇಕು.

ಹೊಳೆಯ ನೀರು ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಮೇಲೆ ಕೊಟ್ಟಿಗೆಗಳಿವೆ, ತೋಟಗಳಿವೆ. ಬೇಕೇ ಆದರೆ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಬರಿ ನೀರನ್ನೇ ಕುಡಿಯುತ್ತಿದ್ದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಸ್ನಾಯು ಹಿಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ತಲಾ ಎರಡು ಪೊಟ್ಟಣ ಓಆರ್‌ಎಸ್ ಇರಲಿ. ಇಲ್ಲವಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು-ಬೆಲ್ಲ ಹಾಕಿದ ಮುರುಗಲ (ಕೋಕಂ) ಪಾನಕವೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಾವಿನಕಾಯಿಯ ಅಪ್ಪೆಹುಳಿಯನ್ನು ಮಾತ್ರ ಮನೆಗೆ ಬಂದ ಮೇಲೆ ಕುಡಿಯಿರಿ, ಅದು ನಿದ್ದೆ ಎಳೆಯುತ್ತದೆ.

ಬುತ್ತಿಗೆ ತೆಂಗಿನಕಾಯಿ ಹಾಕಿದ್ದು ಬೇಡ, ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಕಾಯಿ ಹಾಕದ ಚಿತ್ರಾನ್ನ, ಚಪಾತಿ, ಹುರಿದ ಅವಲಕ್ಕಿ, ಬಾಳೆಹಣ್ಣು, ಬೆಲ್ಲ–ಶೇಂಗಾ ಸಾಕು. ಹೊಟ್ಟೆ ಬಿರಿಯ ಉಣ್ಣಬೇಡಿ. ಗಂಟೆಗೊಮ್ಮೆ ಒಂದು ಹಿಡಿ ತಿನ್ನುತ್ತ ಹೋಗುವುದೇ ಮೇಲು.

6. ಚೀಲದಲ್ಲಿ ಇರಬೇಕಾದದ್ದು

ಪಾದರಕ್ಷೆಯಿಂದ ಶುರು ಮಾಡಿ. ಅಡಿಯಲ್ಲಿ ಮೆತ್ತಗಿನ ರಬ್ಬರ್, ಆಳವಾದ ಗೆರೆ ಇರುವ ಹಳೆಯ ಶೂ ಒಳ್ಳೆಯದು. ಹೊಸ ಶೂ ಹಾಕಿ ಬಂದವರಿಗೆ ಮೊದಲ ಇಳಿತದಲ್ಲೇ ಬೊಬ್ಬೆ ಏಳುತ್ತದೆ. ಹವಾಯಿ ಚಪ್ಪಲಿಯಲ್ಲಿ ಊರಿನವರು ನಡೆಯುತ್ತಾರೆಂದು ನೀವು ನಡೆಯಬೇಡಿ. ಎರಡು ಜೊತೆ ಸಾಕ್ಸ್ ಇರಲಿ, ಒದ್ದೆಯಾದದ್ದನ್ನು ಏರಿನ ಬುಡದಲ್ಲಿ ಬದಲಿಸಿ.

ಉದ್ದ ತೋಳಿನ ತಿಳಿ ಬಣ್ಣದ ಅಂಗಿ, ಪೂರ್ಣ ಪ್ಯಾಂಟು. ಎದೆಮಟ್ಟದ ಗಟ್ಟಿ ಊರುಗೋಲು. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು, ಬೇರೆ ಸೆಲ್ಲುಗಳೂ ಇರಲಿ. ಫೋನಿನ ಬೆಳಕು ಲೆಕ್ಕಕ್ಕಿಲ್ಲ, ಏರಿನಲ್ಲಿ ಎರಡೂ ಕೈ ಬೇಕು. ಒಂದೊಂದು ಸೀಟಿ. ಕ್ರೇಪ್ ಬ್ಯಾಂಡೇಜ್ ಎರಡು, ಹತ್ತಿ, ಗಾಜ್, ನಂಜುನಿರೋಧಕ, ಚಿಕ್ಕ ಚಿಮುಟ, ಪ್ಯಾರಾಸಿಟಮಾಲ್, ಅವರವರ ದಿನದ ಮಾತ್ರೆಗಳು. ಫೋನು, ಬೆಂಕಿಪೊಟ್ಟಣ, ಒಂದು ಒಣ ಅಂಗಿ ಇವನ್ನು ಎರಡು ಪದರ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗಂಟು ಹಾಕಿ.

ಹಗ್ಗದ ಬಗ್ಗೆ ಬಹಳ ಜನ ಕೇಳುತ್ತಾರೆ. ಹಗ್ಗವಿಲ್ಲದೆ ಇಳಿಯಲಾಗದ ಜಾಗ ಬಂದರೆ ಅಲ್ಲಿಂದಲೇ ಹಿಂತಿರುಗಿ. ತರಬೇತಿಯಿಲ್ಲದವರ ಕೈಯಲ್ಲಿ ಹಗ್ಗ ಅಪಾಯವನ್ನು ಹೆಚ್ಚಿಸುತ್ತದೆ.

7. ಹೇಳಿ ಹೊರಡಿ

ತಂಡದಲ್ಲಿ ಕನಿಷ್ಠ ನಾಲ್ಕು ಜನ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಲು, ಇಬ್ಬರು ಸಹಾಯ ತರಲು ಬೇಕು. ಎಂಟಕ್ಕಿಂತ ಹೆಚ್ಚಾದರೆ ಸಾಲು ಚದುರುತ್ತದೆ.

ಮನೆಯಲ್ಲಿ ಒಬ್ಬರಿಗೆ, ಕಣಿವೆಯ ಅಂಚಿನ ಊರಿನಲ್ಲಿ ಒಬ್ಬರಿಗೆ ಬರೆದುಕೊಡಿ: ಯಾವ ಹಳ್ಳ, ಎಲ್ಲಿ ಇಳಿತ, ಎಷ್ಟು ಜನ, ಗಾಡಿ ಎಲ್ಲಿ ನಿಲ್ಲಿಸಿದೆ, ಎಷ್ಟು ಗಂಟೆಗೆ ಮೇಲೆ ಬರುತ್ತೇವೆ, ಎಷ್ಟು ಗಂಟೆಯಾದರೂ ಫೋನ್ ಬರದಿದ್ದರೆ ಹುಡುಕಲು ಶುರು ಮಾಡಬೇಕು. ಆ ಕೊನೆಯ ಗಂಟೆಯನ್ನು ಬಿಟ್ಟರೆ ಚೀಟಿಗೆ ಅರ್ಥವಿಲ್ಲ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಸಹಾಯವಾಣಿ 1926.

ಇಳಿಯುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಿಗದ ಸಿಗ್ನಲ್ ಹುಡುಕುತ್ತ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ.

8. ಇಳಿತ

ದರಕು (ಉದುರಿದ ಎಲೆ) ಒಣಗಿ ಬಿದ್ದ ಕಡಿದಾದ ಜಾಗ ಒದ್ದೆ ಬಂಡೆಯಷ್ಟೇ ಜಾರುತ್ತದೆ. ಪಾದ ಅಡ್ಡ ಇಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಕೋಲನ್ನು ಮುಂದೆ ಊರಿ ಇಳಿಯಿರಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ಕಲ್ಲು ಉರುಳಿದರೆ "ಕಲ್ಲು!" ಎಂದು ಕೂಗಿ. ಆಸರೆಗೆ ಹಿಡಿಯುವ ಗಿಡ ನೋಡಿ ಹಿಡಿಯಿರಿ. ಹೊಲಗೇರು ಮರದ ಸೊನೆ ತಾಗಿದರೆ ಚರ್ಮ ಸುಟ್ಟಂತೆ ಗುಳ್ಳೆ ಏಳುತ್ತದೆ, ನಸುಗುನ್ನಿಯ ಕಾಯಿ ತಾಗಿದರೆ ತುರಿಕೆ ದಿನವಿಡೀ ಬಿಡುವುದಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ ನಿಂತು ಹಿಂದೆ ನೋಡಿ. ಮರಳುವಾಗ ದಾರಿ ಕಾಣುವುದು ಆ ಮುಖದಿಂದ. ಹಳ್ಳ ಕೂಡುವ ಪ್ರತಿ ಜಾಗದಲ್ಲಿ ಹಿಂದಕ್ಕೆ ತಿರುಗಿ ಒಂದು ಫೋಟೋ ತೆಗೆಯಿರಿ. ಮೂರು ಕಲ್ಲು ಪೇರಿಸಿ ಗುರುತು ಮಾಡಿದರೆ ವಾಪಸ್ ಬರುವಾಗ ಕೆಡವಿ ಬನ್ನಿ, ಇಲ್ಲವಾದರೆ ಬೇರೆ ತಂಡ ಅದನ್ನು ನಂಬಿ ತಪ್ಪು ದಾರಿ ಹಿಡಿಯುತ್ತದೆ. ಮರಕ್ಕೆ ಕತ್ತಿಯ ಗಾಯ ಮಾಡುವಂತಿಲ್ಲ.

ಒಂದು ನಿಯಮಕ್ಕೆ ರಿಯಾಯಿತಿ ಬೇಡ: ಮರಳಿ ಹತ್ತಲಾಗದ ಬಂಡೆಯಿಂದ ಕುಂಡೆ ಊರಿ ಜಾರಿ ಇಳಿಯಬೇಡಿ. ಇಳಿಯುವ ಮೊದಲು ತಂಡದ ಅತಿ ಗಿಡ್ಡವರು, ಅತಿ ಸುಸ್ತಾದವರು ಇದನ್ನು ಹತ್ತಬಲ್ಲರೇ ಎಂದು ಕೇಳಿಕೊಳ್ಳಿ. ಅನುಮಾನವಿದ್ದರೆ ಪಕ್ಕದಿಂದ ಸುತ್ತಿ, ಇಲ್ಲವೇ ತಿರುಗಿ.

9. ಹೊಳೆಪಾತ್ರದಲ್ಲಿ

ಬಿಸಿಲಿಗೆ ಒಣಗಿ ಬಿಳಿಚಿದ ಬಂಡೆ ಕಾಲು ಹಿಡಿಯುತ್ತದೆ. ಕಪ್ಪಗೆ ಮಿರುಗುವುದು, ಹಸಿರು ಕವಿದದ್ದು ಜಾರುತ್ತದೆ. ನೀರಿನಂಚಿನ ಒಂದು ಮೊಳ ಅಗಲದ ಕಪ್ಪು ಪಟ್ಟಿಯಲ್ಲೇ ಹೆಚ್ಚು ಜನ ಬೀಳುವುದು. ಬಂಡೆಯಿಂದ ಬಂಡೆಗೆ ಹಾರಬೇಡಿ, ಇಳಿದು ಹತ್ತಿ. ಅಡಿಕೆ ದಬ್ಬೆಯ ಹಳೆಯ ಸಂಕವಿದ್ದರೆ ಒಬ್ಬೊಬ್ಬರೇ ದಾಟಿ, ಕೋಲಿನಿಂದ ತಟ್ಟಿ ನೋಡಿ ಕಾಲಿಡಿ.

ನೀರು ದಾಟಬೇಕಾದಲ್ಲಿ ಶೂ ಬಿಚ್ಚಬೇಡಿ. ಚೀಲದ ಸೊಂಟಪಟ್ಟಿ ಕಳಚಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲನ್ನು ಮೂರನೇ ಕಾಲಾಗಿ ಊರಿ, ಅಡ್ಡಡ್ಡ ಸರಿಯಿರಿ. ಮಂಡಿಗಿಂತ ಮೇಲೆ ಸೆಳೆತದ ನೀರಿದ್ದರೆ ದಾಟಬೇಡಿ.

ಮಡುಗಳ ಬಗ್ಗೆ ಕಟ್ಟುನಿಟ್ಟಾಗಿರಿ. ಅಬ್ಬಿಯ ಕೆಳಗಿನ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ. ಬಂಡೆಯಡಿಯ ಪೊಟರೆಗೆ ಎಳೆದರೆ ಒಳ್ಳೆಯ ಈಜುಗಾರರೂ ಹೊರಬರುವುದಿಲ್ಲ. ಬಿಸಿಯಾದ ಮೈಯಲ್ಲಿ ತಣ್ಣನೆಯ ನೀರಿಗೆ ಧುಮುಕಿದರೆ ಉಸಿರು ಕಟ್ಟುತ್ತದೆ. ಸಮುದ್ರದಲ್ಲಿ ಈಜಿ ಬೆಳೆದ ಕರಾವಳಿಯ ಹುಡುಗರೇ ಇಲ್ಲಿ ಹೆಚ್ಚು ಧೈರ್ಯ ಮಾಡುತ್ತಾರೆ. ಉಪ್ಪುನೀರಿನಷ್ಟು ಸಿಹಿನೀರು ಮೈಯನ್ನು ತೇಲಿಸುವುದಿಲ್ಲ ಎಂಬುದನ್ನು ಅವರಿಗೆ ಮೊದಲೇ ಹೇಳಿ. ಕಾಲು ತೊಳೆಯುವುದು, ತಲೆಗೆ ನೀರು ಹಾಕಿಕೊಳ್ಳುವುದು ದಡದಲ್ಲೇ ಆಗಲಿ.

10. ನೀರು ಏರುವ ಸೂಚನೆಗಳು

ಕಮರಿಯಿಂದ ಕಾಣುವುದು ತುಂಡು ಆಕಾಶ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಬಯಲಿನಲ್ಲಿ ಮಳೆ ಸುರಿಯುತ್ತಿರಬಹುದು. ಬೇಡ್ತಿ ಧಾರವಾಡ ಸೀಮೆಯಿಂದ ಹರಿದು ಬರುತ್ತದೆ. ಹಾಗಾಗಿ ಹವಾಮಾನ ಮುನ್ಸೂಚನೆ ನೋಡುವಾಗ ನೀವು ನಡೆಯುವ ಊರಿನದಷ್ಟೇ ಅಲ್ಲ, ಹೊಳೆಯ ತಲೆಯ ಕಡೆಯದನ್ನೂ ನೋಡಿ.

ಊಟಕ್ಕೆ ಕೂರುವ ಮೊದಲು ಅಕ್ಕಪಕ್ಕದ ಕೊಂಬೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ನೋಡಿ. ಮಳೆಗಾಲದ ನೆರೆ ಅಲ್ಲಿಯವರೆಗೆ ಬಂದಿತ್ತೆಂದು ಅರ್ಥ. ಕೂರುವುದು ಅದಕ್ಕಿಂತ ಮೇಲೆ. ಒಂದು ಕಲ್ಲಿನ ಬಳಿ ನೀರಿನ ಮಟ್ಟಕ್ಕೆ ಗುರುತು ಇಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ.

ತಿಳಿನೀರು ಕೆಂಪಾಗುವುದು, ಎಲೆ-ಕಡ್ಡಿ ತೇಲಿ ಬರುವುದು, ಹೊಳೆಯ ಸದ್ದು ದಪ್ಪವಾಗುವುದು, ತಟ್ಟನೆ ತಣ್ಣನೆ ಗಾಳಿ ಬೀಸುವುದು, ಗುರುತಿನ ಕಲ್ಲು ಮುಳುಗುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಚೀಲ ಹುಡುಕುತ್ತ ನಿಲ್ಲದೆ ಪಕ್ಕದ ಇಳಿಜಾರು ಹತ್ತಿ. ಹೊಳೆಗುಂಟ ಓಡಬೇಡಿ, ನೀರು ನಿಮಗಿಂತ ವೇಗ. ಆಚೆ ದಡದಲ್ಲಿ ಸಿಕ್ಕಿಕೊಂಡವರು ಅಲ್ಲೇ ಮೇಲೆ ಹತ್ತಿ ಕಾಯಲಿ, ದಾಟಿ ಬರಲು ಹೊರಡಬಾರದು.

11. ಹೆಜ್ಜೇನು, ಉಣುಗು, ಹಾವು

ಬಂಡೆಗೋಡೆಗಳಲ್ಲಿ ಹೆಜ್ಜೇನು ಕಟ್ಟುವುದು ಸಾಮಾನ್ಯ. ಸೆಂಟು, ಹೊಗೆ, ಕೂಗಾಟ, ಡ್ರೋನ್ ಯಾವುದೂ ಬೇಡ. ತಟ್ಟಿಯ ಮೇಲೆ ಅಲೆಯಂತೆ ಮಿನುಗು ಹರಿದರೆ ಹುಳುಗಳು ಎಚ್ಚೆತ್ತಿವೆ. ಸದ್ದಿಲ್ಲದೆ ಹಿಂದೆ ಸರಿಯಿರಿ. ಎದ್ದು ಬಂದರೆ ಮುಖ-ಕುತ್ತಿಗೆ ಬಟ್ಟೆಯಿಂದ ಮುಚ್ಚಿಕೊಂಡು ದಟ್ಟ ಪೊದೆಯ ಕಡೆ ದೂರ ಓಡಿ. ನೀರಿಗೆ ಹಾರಬೇಡಿ, ಅವು ಮೇಲೆ ಸುತ್ತುತ್ತ ಕಾಯುತ್ತವೆ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಅದು ಆಸ್ಪತ್ರೆಯ ಕೆಲಸ.

ಡಿಸೆಂಬರ್‌ನಿಂದ ಮೇ ತನಕ ಉಣುಗು (ಉಣ್ಣೆ ಹುಳು) ಹೆಚ್ಚು. ಚಾರಣಕ್ಕೆ ಒಳ್ಳೆಯ ತಿಂಗಳುಗಳೇ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ತಿಂಗಳುಗಳು. ಸಿದ್ದಾಪುರ ತಾಲೂಕಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕೂರಬೇಡಿ, ಬರಿ ಬಂಡೆಯ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿಂದಲೇ ತಿರುಗಿ, ಜಾಗವನ್ನು ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಉಂಬಳದ (ಜಿಗಣೆಯ) ಕಾಟ ಈ ತಿಂಗಳುಗಳಲ್ಲಿ ಕಡಿಮೆ. ಹತ್ತಿದರೆ ಉಪ್ಪು ಸಾಕು.

ಕೈ ಇಡುವ ಬಂಡೆಸಂದಿಯನ್ನು ನೋಡಿ ಇಡಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು, ನಾಟಿ ಔಷಧಿಗೆ ಅಲೆಯುವುದು ಬೇಡ. ಉಂಗುರ-ಗಡಿಯಾರ ತೆಗೆದು, ಆ ಅಂಗವನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ, ಆದಷ್ಟು ಹೊತ್ತುಕೊಂಡೇ ಮೇಲೆ ತನ್ನಿ. ಇಬ್ಬರು ಮುಂದೆ ಓಡಿ ಊರಿನವರನ್ನೂ ಗಾಡಿಯನ್ನೂ ಸಿದ್ಧಮಾಡಲಿ, ವಿಷನಿರೋಧಕ ಚುಚ್ಚುಮದ್ದು ಇದೆಯೇ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಲಿ.

12. ಏರು, ಮತ್ತು ಕತ್ತಲಾಗಿಬಿಟ್ಟರೆ

ಏರಿನ ಬುಡದಲ್ಲಿ ಹತ್ತು ನಿಮಿಷ ಕೂತು ಸಾಕ್ಸ್ ಬದಲಿಸಿ, ಓಆರ್‌ಎಸ್ ಕುಡಿದು, ಅಂಗಿ ಒದ್ದೆ ಮಾಡಿಕೊಂಡು ಹೊರಡಿ. ಎಲ್ಲರಿಗಿಂತ ನಿಧಾನದವರು ಮುಂದೆ, ಗಟ್ಟಿಗರು ಹಿಂದೆ. ಮಾತಾಡುತ್ತ ಹತ್ತಲಾಗುವಷ್ಟೇ ವೇಗ. ಮಾತು ನಿಂತರೆ ವೇಗ ಹೆಚ್ಚಾಯಿತು.

ತಲೆನೋವು, ತಲೆ ತಿರುಗು, ವಾಂತಿ ಬಂದವರನ್ನು ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಿಸಿ, ನೀರು ಹಾಕಿ ಗಾಳಿ ಬೀಸಿ, ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಗೊಂದಲವಾಗಿ ವರ್ತಿಸಿದರೆ ಅದು ಶಾಖಾಘಾತ: ಬಾಯಿಗೆ ಏನೂ ಹಾಕದೆ ಮೈಯೆಲ್ಲ ತೋಯಿಸುತ್ತಲೇ ಸಹಾಯಕ್ಕೆ ಕಳಿಸಿ. ಕಾಲು ಉಳುಕಿದರೆ ಶೂ ಬಿಚ್ಚದೆ ಅದರ ಮೇಲೆಯೇ ಬ್ಯಾಂಡೇಜ್ ಸುತ್ತಿ. ಬಿಚ್ಚಿದರೆ ಊದಿದ ಪಾದ ಮತ್ತೆ ಒಳಗೆ ಹೋಗುವುದಿಲ್ಲ.

ಹೊತ್ತು ಮುಳುಗಿ ದಾರಿ ಕಾಣದಾದರೆ ನಡೆಯುವುದನ್ನು ನಿಲ್ಲಿಸಿ. ಹೊಳೆಪಾತ್ರಕ್ಕಿಂತ ಎತ್ತರದ, ಹಾಸುಬಂಡೆ ಇರುವ ಜಾಗ ನೋಡಿ ಎಲ್ಲರೂ ಒಟ್ಟಿಗೆ ಕೂರಿ. ನಿಮಿಷಕ್ಕೆ ಆರು ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಕತ್ತಲಲ್ಲಿ ಹತ್ತಲು ಹೋಗಿ ದರೆಯಿಂದ ಬೀಳುವುದಕ್ಕಿಂತ ಒಂದು ರಾತ್ರಿ ಚಳಿಯಲ್ಲಿ ಕೂರುವುದು ಮೇಲು.

13. ಮೇಲೆ ಬಂದ ಮೇಲೆ

ಚೀಟಿ ಕೊಟ್ಟ ಇಬ್ಬರಿಗೂ ತಕ್ಷಣ ತಿಳಿಸಿ. ಇದನ್ನು ಮರೆತು ಊಟಕ್ಕೆ ಹೋದ ತಂಡಕ್ಕಾಗಿ ಊರಿನವರು ರಾತ್ರಿ ಕಾಡಿಗೆ ಇಳಿಯಬೇಕಾಗುತ್ತದೆ.

ಮನೆಯೊಳಗೆ ಹೋಗುವ ಮೊದಲೇ ಬಟ್ಟೆ ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮಂಡಿಯ ಹಿಂದೆ, ಕೂದಲ ನಡುವೆ ಉಣುಗು ಹುಡುಕಿ. ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದಿರುತ್ತದೆ, ಇನ್ನೊಬ್ಬರ ಕಣ್ಣು ಬೇಕು. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಕೈಯಲ್ಲಿ ಹಿಸುಕಬೇಡಿ, ಬೆಂಕಿ ತಾಗಿಸಬೇಡಿ.

ಮುಂದಿನ ಎರಡು ವಾರ ಜ್ವರದ ಮೇಲೆ ಕಣ್ಣಿಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ತಟ್ಟನೆ ಜ್ವರ, ವಿಪರೀತ ತಲೆನೋವು, ಮೈಕೈ ನೋವಿನಿಂದ ಶುರುವಾಗುತ್ತದೆ. ಗಾಯವಿದ್ದ ಕಾಲು ಹೊಳೆ ನೀರಿನಲ್ಲಿ ನೆನೆದಿದ್ದರೆ ಇಲಿ ಜ್ವರದ ಸಾಧ್ಯತೆಯೂ ಇದೆ. ಪ್ಯಾರಾಸಿಟಮಾಲ್ ನುಂಗಿ ಕಾಯುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಯಾವ ತಾರೀಕಿಗೆ ಯಾವ ಕಾಡಿನಲ್ಲಿ ನಡೆದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಜೊತೆಗೆ ಬಂದಿದ್ದ ಉಳಿದವರಿಗೂ ಅಂದೇ ಫೋನ್ ಮಾಡಿ ತಿಳಿಸಿ.